ಜೂನೋ ಎಂಬ ಅಳತೆಗಲ್ಲು



ಆಕಾಶದ ವಿಷಯವನ್ನೆತ್ತಿ ಮಾತನಾಡುವವರು ಸಾಮಾನ್ಯವಾಗಿ ಶನಿಯ ಬಳೆಗಳನ್ನೋ ಗುರುವಿನ ಗಾತ್ರವನ್ನೋ ನೀಹಾರಿಕೆಗಳ ವೈಭವವನ್ನೋ ವರ್ಣಿಸಲು ತೊಡಗುವುದು ರೂಢಿ. ಈ ಹೊತ್ತು ನಾನು ಹೇಳಬೇಕೆಂದು ಎತ್ತಿಕೊಂಡಿರುವುದಾದರೋ ಅಂಥ ವೈಭವವಾವುದೂ ಇಲ್ಲದ, ಬರಿಗಣ್ಣಿಗೆ ಎಂದೂ ಗೋಚರವಾಗದ, ಪುರಾಣದಲ್ಲಾಗಲಿ ಪಂಚಾಂಗದಲ್ಲಾಗಲಿ ಸ್ಥಾನ ಪಡೆಯದ ಒಂದು ಕಲ್ಲಿನ ವಿಚಾರ. ಮಂಗಳ ಮತ್ತು ಗುರುಗ್ರಹಗಳ ಕಕ್ಷೆಗಳ ನಡುವಣ ವಿಸ್ತಾರವಾದ ಅವಕಾಶದಲ್ಲಿ ಸೂರ್ಯನನ್ನು ಸುತ್ತುತ್ತಿರುವ ಲಕ್ಷಾಂತರ ಕ್ಷುದ್ರಗ್ರಹಗಳ ಪೈಕಿ ಇದೂ ಒಂದು, ಹೆಸರು ಜೂನೋ. ಅಡ್ಡಳತೆ ಸುಮಾರು 250 ಕಿಲೋಮೀಟರು. ಸೂರ್ಯನನ್ನು ಒಮ್ಮೆ ಸುತ್ತಿಬರಲು ಇದಕ್ಕೆ ನಾಲ್ಕು ವರ್ಷ ನಾಲ್ಕು ತಿಂಗಳಿಗಿಂತ ತುಸು ಹೆಚ್ಚು ಕಾಲ ಹಿಡಿಯುತ್ತದೆ. ತನ್ನ ಅಕ್ಷದ ಮೇಲೆ ಒಂದು ಸುತ್ತು ತಿರುಗಲಾದರೆ ಏಳು ಗಂಟೆ ಹದಿಮೂರು ನಿಮಿಷ ಸಾಕು. ಕ್ಷುದ್ರಗ್ರಹಗಳಲ್ಲಿ ಇದ್ದಲಿನಂತೆ ಕಪ್ಪಾದವು ಉಂಟು, ಲೋಹಪ್ರಾಯವಾದವು ಉಂಟು, ಶಿಲಾಮಯವಾದವು ಉಂಟು. ಆ ಮೂರನೆಯ ವರ್ಗದಲ್ಲಿ ಅತಿದೊಡ್ಡವೆಂದು ಎಣಿಸಲ್ಪಡುವ ಎರಡರಲ್ಲಿ ಜೂನೋ ಒಂದು, ಯೂನೋಮಿಯಾ ಇನ್ನೊಂದು.

ಇದನ್ನು ಕಂಡುಹಿಡಿದವನು ಕಾರ್ಲ್ ಲುಡ್‌ವಿಗ್ ಹಾರ್ಡಿಂಗ್ ಎಂಬ ಜರ್ಮನ್ ವಿದ್ವಾಂಸ. ಬ್ರೆಮೆನ್ ನಗರಕ್ಕೆ ಸಮೀಪವಾದ ಲಿಲಿಯೆಂತಾಲ್ ಎಂಬ ಊರಿನಲ್ಲಿ ಶ್ರೋಟರ್ ಎಂಬ ಅಧಿಕಾರಿಯು ತನ್ನ ಸ್ವಂತ ಆಸಕ್ತಿಯಿಂದ ಒಂದು ವೇಧಶಾಲೆಯನ್ನು ಕಟ್ಟಿಸಿದ್ದನು. ಅವನ ಮಗನಿಗೆ ಪಾಠ ಹೇಳಲು ಬಂದ ಹಾರ್ಡಿಂಗ್ ಕ್ರಮೇಣ ಆ ವೇಧಶಾಲೆಯ ವೀಕ್ಷಕನೇ ಆದನು. 1801ರಲ್ಲಿ ಪಲೆರ್ಮೋವಿನ ಪಿಯಾಜಿ ಸೀರಿಸನ್ನೂ, ಮರುವರ್ಷ ಬ್ರೆಮೆನ್ನಿನ ವೈದ್ಯ ಓಲ್ಬರ್ಸ್ ಪಲ್ಲಾಸನ್ನೂ ಕಂಡಿದ್ದರು. ಈ ಎರಡು ಪುಟ್ಟ ಗ್ರಹಗಳು ಸಾಗುವ ಹಾದಿಯಲ್ಲಿರುವ ಮಸುಕು ನಕ್ಷತ್ರಗಳನ್ನೆಲ್ಲ ಗುರುತಿಸಿ ಪಟವೊಂದನ್ನು ಬರೆದಿಟ್ಟರೆ ಮುಂದೆ ಅವುಗಳನ್ನು ಹುಡುಕುವವರಿಗೆ ಸೌಕರ್ಯವಾದೀತೆಂದು ಹಾರ್ಡಿಂಗ್ ಆ ಬೇಸರದ ಕೆಲಸವನ್ನು ಕೈಗೆ ತೆಗೆದುಕೊಂಡನು. 1804ರ ಸೆಪ್ಟೆಂಬರ್ 1ರ ರಾತ್ರಿ ಮೀನರಾಶಿಯಲ್ಲಿ ಅವನು ಪಟಕ್ಕೆ ಸೇರಿಸಿದ ಒಂದು ಚುಕ್ಕೆ, ಕೆಲವು ರಾತ್ರಿಗಳ ತರುವಾಯ ನೋಡಿದಾಗ ಅಲ್ಲಿರಲಿಲ್ಲ. ಸ್ವಲ್ಪ ಆಚೆಗೆ, ಹಿಂದೆ ಏನೂ ಇಲ್ಲದಿದ್ದ ಎಡೆಯಲ್ಲಿ, ಅದೇ ಕಾಂತಿಯ ಇನ್ನೊಂದು ಚುಕ್ಕೆಯಿತ್ತು. ಹೊಸ ಗ್ರಹವನ್ನು ಅರಸಿ ಹೊರಟವರು ಬೇರೆ, ನಕ್ಷತ್ರಗಳ ಲೆಕ್ಕವಿಡುತ್ತ ಕುಳಿತಿದ್ದ ಗುಮಾಸ್ತೆಗೆ ಸಿಕ್ಕಿದ ಗ್ರಹ ಬೇರೆ. ನನಗಂತೂ ಈ ಎರಡನೆಯ ಬಗೆಯ ಶೋಧದಲ್ಲಿಯೇ ಹೆಚ್ಚು ಗೌರವ. ಆ ವೇಧಶಾಲೆಯ ಆಯುಸ್ಸು ದೀರ್ಘವಾಗಲಿಲ್ಲ. 1813ರಲ್ಲಿ ನೆಪೋಲಿಯನ್ನನ ಯುದ್ಧಗಳ ಗಲಭೆಯಲ್ಲಿ ಫ್ರೆಂಚ್ ಸೈನಿಕರು ಲಿಲಿಯೆಂತಾಲಿಗೆ ಬೆಂಕಿಯಿಟ್ಟರು. ಹಾರ್ಡಿಂಗ್ ಅಷ್ಟರೊಳಗೆ ಗೋಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾಗಿ ನೆಲಸಿದ್ದನು.

ಸುಮಾರು ನಾಲ್ಕು ದಶಕಗಳ ಕಾಲ ಜೂನೋ ಗ್ರಹಪದವಿಯನ್ನು ಅನುಭವಿಸಿತು. ಖಗೋಳಗ್ರಂಥಗಳಲ್ಲಿ ಬುಧ ಶುಕ್ರಾದಿಗಳ ಸಾಲಿನಲ್ಲಿಯೇ ಅದರ ಹೆಸರಿತ್ತು, ಅದಕ್ಕೊಂದು ಸಂಕೇತಚಿಹ್ನೆಯೂ ಇತ್ತು. 1845ರಲ್ಲಿ ಐದನೆಯ ಕ್ಷುದ್ರಗ್ರಹ ಸಿಕ್ಕಿದ ಮೇಲೆ ಆರು, ಏಳು, ಎಂಟು ಎಂದು ವರ್ಷವರ್ಷವೂ ಹೊಸ ಹೆಸರುಗಳು ಸೇರುತ್ತ ಹೋಗಿ, ಪದವಿಗೆ ಬೆಲೆಯೇ ಇಲ್ಲದಂತಾಯಿತು. ಗ್ರಹಗಳ ಪಟ್ಟಿಯಿಂದ ಇವೆಲ್ಲವನ್ನೂ ತೆಗೆದು ಬೇರೆಯೊಂದು ಪಟ್ಟಿಯಲ್ಲಿ ಸಂಖ್ಯೆಯಿಟ್ಟು ಕೂಡಿಸಲಾಯಿತು. ಜೂನೋವಿಗೆ ಬಂದ ಸಂಖ್ಯೆ ಮೂರು. ಒಡೆದುಹೋದ ಮಹಾಗ್ರಹವೊಂದರ ಚೂರುಗಳಿವು ಎಂಬ ಓಲ್ಬರ್ಸನ ಊಹೆಯೂ ಕಾಲಕ್ರಮದಲ್ಲಿ ಬಿದ್ದುಹೋಯಿತು. ಆ ವಲಯದ ದ್ರವ್ಯವನ್ನೆಲ್ಲ ಒಟ್ಟುಗೂಡಿಸಿದರೂ ನಮ್ಮ ಚಂದ್ರನ ತೂಕದ ನೂರರಲ್ಲಿ ಸುಮಾರು ಮೂರುಪಾಲಷ್ಟೇ ಆಗುತ್ತದೆ. ಗುರುವಿನ ಪ್ರಬಲವಾದ ಆಕರ್ಷಣೆ ಅಲ್ಲಿ ಗ್ರಹವೊಂದು ರೂಪುಗೊಳ್ಳಲು ಅವಕಾಶ ಕೊಡಲಿಲ್ಲವೆಂಬುದೇ ಈಗಿನ ತಿಳಿವಳಿಕೆ.

ಹೀಗೆ ಪದಚ್ಯುತವಾದ ಈ ಚುಕ್ಕೆ ಖಗೋಳವಿಜ್ಞಾನದ ಅತ್ಯಂತ ಹಿರಿಯ ಪ್ರಶ್ನೆಯೊಂದಕ್ಕೆ ಹೇಗೆ ನೆರವಾಯಿತೆಂಬುದನ್ನು ವಿವರಿಸಬೇಕಾದರೆ ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ. ಸೂರ್ಯನು ನಮಗೆ ಎಷ್ಟು ದೂರದಲ್ಲಿದ್ದಾನೆ? ಕೆಪ್ಲರನು 1619ರಲ್ಲಿ ಪ್ರಕಟಿಸಿದ ತನ್ನ ಮೂರನೆಯ ನಿಯಮದಿಂದ ಗ್ರಹಗಳ ದೂರಗಳ ಪರಸ್ಪರ ಪ್ರಮಾಣ ಗೊತ್ತಾಗಿತ್ತು. ಎಂದರೆ, ಸೌರಮಂಡಲದ ಭೂಪಟ ಸಿದ್ಧವಾಗಿತ್ತು. ಪಟದ ಮೂಲೆಯಲ್ಲಿ ಇಂತಿಷ್ಟು ಅಂಗುಲಕ್ಕೆ ಇಂತಿಷ್ಟು ಮೈಲಿ ಎಂದು ಬರೆಯುವುದೊಂದು ಉಳಿದಿತ್ತು. ಯಾವುದಾದರೊಂದು ಗ್ರಹದ ದೂರವನ್ನು ನೇರವಾಗಿ ಅಳೆದರೆ ಸಾಕು, ಉಳಿದ ಎಲ್ಲವೂ ತಾವಾಗಿ ದೊರಕುತ್ತವೆ. ಅಳೆಯುವ ಉಪಾಯವೂ ಹೊಸದಲ್ಲ. ಕೆರೆಯ ಆಚೆಯ ದಂಡೆಯಲ್ಲಿರುವ ಮರದ ದೂರವನ್ನು ತಿಳಿಯಬೇಕಾದ ಮೋಜಣಿದಾರನು ನೀರಿಗಿಳಿಯುವುದಿಲ್ಲ. ಈಚೆಯ ದಂಡೆಯಲ್ಲಿ ಎರಡು ಗೂಟಗಳನ್ನು ನೆಟ್ಟು, ಅವುಗಳ ಅಂತರವನ್ನು ಸರಪಳಿ ಹಿಡಿದು ಅಳೆದು, ಎರಡು ಗೂಟಗಳ ಬಳಿಯಿಂದಲೂ ಮರ ಯಾವ ದಿಕ್ಕಿನಲ್ಲಿ ಕಾಣುತ್ತದೆಂದು ನೋಡಿ ಲೆಕ್ಕ ಹಾಕುತ್ತಾನೆ. ನೋಡುವ ಸ್ಥಳ ಬದಲಾದುದರಿಂದ ಕಾಣುವ ದಿಕ್ಕಿನಲ್ಲಿ ಉಂಟಾಗುವ ಈ ವ್ಯತ್ಯಾಸಕ್ಕೆ ಲಂಬನವೆಂದು ಹೆಸರು. ಸೂರ್ಯನ ಲಂಬನವಾದರೋ ಒಂಬತ್ತು ವಿಕಲೆಗಳಿಗಿಂತಲೂ ಕಡಮೆ; ಒಂದು ವಿಕಲೆಯೆಂದರೆ ಒಂದು ಡಿಗ್ರಿಯ 3600ನೆಯ ಒಂದು ಪಾಲು. ಅಷ್ಟೊಂದು ಸೂಕ್ಷ್ಮವಾದ ಕೋನವನ್ನು ಕಣ್ಣುಕೋರೈಸುವ, ಕುದಿಯುವ ಅಂಚಿನ ಸೂರ್ಯಬಿಂಬದ ಮೇಲೆ ನೇರವಾಗಿ ಅಳೆಯುವುದು ಆಗದ ಮಾತು.

ಆದುದರಿಂದಲೇ ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರೆಲ್ಲ 1874ರ ಡಿಸೆಂಬರ್ 9ನೆಯ ದಿನವನ್ನು ಎದುರುನೋಡುತ್ತಿದ್ದರು. ಅಂದು ಶುಕ್ರನು ಸೂರ್ಯಬಿಂಬದ ಮೇಲೆ ಹಾದುಹೋಗಲಿದ್ದನು. ಭೂಮಿಯ ಬೇರೆಬೇರೆ ಕಡೆಗಳಿಂದ ಆ ಸಂಕ್ರಮದ ಕಾಲವನ್ನು ಗುರುತಿಸಿದರೆ ಶುಕ್ರನ ದೂರವೂ ತನ್ಮೂಲಕ ಸೂರ್ಯನ ದೂರವೂ ತಿಳಿಯಬಹುದಾಗಿತ್ತು. ಅನೇಕ ರಾಷ್ಟ್ರಗಳು ಹಡಗುಗಳನ್ನು ಸಜ್ಜುಗೊಳಿಸಿದವು. ನಮ್ಮ ಕಡೆಯಲ್ಲಿಯೂ ಆ ಸಂಭ್ರಮದ ಅಲೆ ತಾಗಿತ್ತೆಂಬುದನ್ನು ಇಲ್ಲಿ ಜ್ಞಾಪಿಸಿಕೊಳ್ಳುವುದು ಉಚಿತ. ಮದರಾಸು ವೇಧಶಾಲೆಯಲ್ಲಿ ಸಹಾಯಕರಾಗಿದ್ದ, 1867ರಲ್ಲಿ ಚಂಚಲಕಾಂತಿಯ ನಕ್ಷತ್ರವೊಂದನ್ನು ಕಂಡುಹಿಡಿದಿದ್ದ ಚಿಂತಾಮಣಿ ರಘುನಾಥಾಚಾರ್ಯರು, ಈ ಶುಕ್ರಸಂಕ್ರಮವನ್ನು ಜನಕ್ಕೆ ತಿಳಿಯಹೇಳುವುದಕ್ಕಾಗಿ ಒಂದು ಕಿರುಹೊತ್ತಗೆಯನ್ನು ರಚಿಸಿ, ಇಂಗ್ಲಿಷಿನಲ್ಲಿ ಮಾತ್ರವಲ್ಲದೆ ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿಯೂ ಹೊರತಂದರು. ಅಚ್ಚುಕೂಟಗಳೇ ವಿರಳವಾಗಿದ್ದ ಆ ಕಾಲದಲ್ಲಿ ಕನ್ನಡದ ಓದುಗನಿಗೂ ಈ ವಿಷಯ ತಿಳಿಯಲೆಂದು ಒಬ್ಬ ಜ್ಯೋತಿಶ್ಶಾಸ್ತ್ರಜ್ಞರು ಶ್ರಮಪಟ್ಟರೆಂಬುದು ಸಾಮಾನ್ಯ ಸಂಗತಿಯಲ್ಲ.

ಸಂಕ್ರಮ ನಡೆಯಿತು, ಫಲ ಮಾತ್ರ ನಿರೀಕ್ಷಿಸಿದಷ್ಟು ಬರಲಿಲ್ಲ. ಶುಕ್ರನ ಕರಿಯ ಬಿಂಬ ಸೂರ್ಯನ ಅಂಚನ್ನು ಮುಟ್ಟುವ ಕ್ಷಣ ಯಾವುದೆಂದು ಖಂಡಿತವಾಗಿ ಹೇಳಲು ಯಾರಿಂದಲೂ ಆಗಲಿಲ್ಲ. ಎರಡು ಅಂಚುಗಳೂ ಸಮೀಪಿಸಿದಾಗ ನಡುವೆ ಕಪ್ಪು ಹನಿಯಂತಹ ಒಂದು ಸೇತುವೆ ಮೂಡಿ, ಅದು ಹರಿಯುವುದರೊಳಗೆ ಬಹಳ ಹೊತ್ತು ಕಳೆದುಹೋಗುತ್ತಿತ್ತು. ಒಂದೇ ಎಡೆಯಲ್ಲಿ ಪಕ್ಕಪಕ್ಕದಲ್ಲಿ ನಿಂತು ನೋಡಿದವರ ಗಡಿಯಾರಗಳೇ ಒಂದನ್ನೊಂದು ಒಪ್ಪಲಿಲ್ಲ.

ಈ ಸಂಕ್ರಮವನ್ನು ನೋಡುವುದಕ್ಕಾಗಿಯೇ ಮಾರಿಷಸ್ ದ್ವೀಪಕ್ಕೆ ಬಂದಿದ್ದ ತಂಡಗಳಲ್ಲಿ ಸ್ಕಾಟ್ಲೆಂಡಿನ ಲಾರ್ಡ್ ಲಿಂಡ್ಸೆ ಎಂಬ ಶ್ರೀಮಂತನ ತಂಡವೊಂದು. ಅದರ ಮುಖ್ಯ ಖಗೋಳಜ್ಞ ಡೇವಿಡ್ ಗಿಲ್. ಅಬರ್ಡೀನ್ ನಗರದಲ್ಲಿ ತಂದೆಯ ಗಡಿಯಾರದ ವ್ಯಾಪಾರವನ್ನು ನಡೆಸಿಕೊಂಡಿದ್ದು, ಲಾಭದಾಯಕವಾದ ಆ ಅಂಗಡಿಯನ್ನು ಬಿಟ್ಟು ನಕ್ಷತ್ರಗಳ ಹಿಂದೆ ಬಂದವನು. ಮಾರಿಷಸ್ಸಿನ ರೇಖಾಂಶವನ್ನು ನಿಷ್ಕರ್ಷಿಸುವುದಕ್ಕಾಗಿ ಸುಮಾರು ಐವತ್ತು ಕಾಲಮಾಪಕಗಳನ್ನು ಜತೆಯಲ್ಲಿ ಕಾಪಾಡಿಕೊಂಡು ಬಂದನೆಂಬುದರಲ್ಲಿಯೇ ಅವನ ಹಳೆಯ ಕಸುಬಿನ ಅಚ್ಚುಕಟ್ಟು ಕಾಣುತ್ತದೆ. ಶುಕ್ರನನ್ನು ನೋಡಲು ಬಂದ ಈತನು ಜೂನೋವಿನ ಮೇಲೂ ಕಣ್ಣಿಟ್ಟಿದ್ದನು. ಕ್ಷುದ್ರಗ್ರಹಗಳ ಮೂಲಕ ಸೂರ್ಯನ ಲಂಬನವನ್ನು ಅಳೆಯಬಹುದೆಂದು ಬ್ರೆಸ್ಲಾವಿನ ಗಾಲೆ, ನೆಪ್ಚೂನನ್ನು ಮೊದಲು ಕಂಡ ಅದೇ ಗಾಲೆ, ಕೆಲವು ವರ್ಷಗಳ ಹಿಂದೆ ಸೂಚಿಸಿದ್ದನು. ಆ ನವೆಂಬರಿನಲ್ಲಿ ಜೂನೋ ತನ್ನ ಉದ್ದವಾದ ದೀರ್ಘವೃತ್ತದ ಸಮೀಪದ ತುದಿಯಲ್ಲಿದ್ದು, ಭೂಮಿಗೆ ಹೆಚ್ಚುಕಡಮೆ ಸೂರ್ಯನಿರುವಷ್ಟೇ ದೂರಕ್ಕೆ ಬಂದಿತ್ತು. ಉಪಕರಣವನ್ನು ಹೊತ್ತು ತಂದ ಲಿಂಡ್ಸೆಯ ಹಡಗು ತಡವಾಗಿ ದ್ವೀಪವನ್ನು ಮುಟ್ಟಿದುದರಿಂದ ಒಳ್ಳೆಯ ರಾತ್ರಿಗಳು ಎಷ್ಟೋ ವ್ಯರ್ಥವಾದವು. ಹಡಗಿನ ಹೆಸರು ವೀನಸ್ ಎಂಬುದು ಒಂದು ವಿನೋದ. ಶುಕ್ರನ ಹೆಸರಿನದು ಜೂನೋವಿಗೆ ಅಡ್ಡಿಮಾಡಿತೆನ್ನಬೇಕು.

ಗಿಲ್ಲನು ಬಳಸಿದ ಉಪಕರಣದ ಹೆಸರು ಹೀಲಿಯೋಮೀಟರು. ಅದೊಂದು ದೂರದರ್ಶಕವೇ, ಆದರೆ ಅದರ ಮುಂಭಾಗದ ಮಸೂರವನ್ನು ನಟ್ಟನಡುವೆ ಎರಡು ಹೋಳಾಗಿ ಕತ್ತರಿಸಿರುತ್ತಾರೆ. ಕತ್ತರಿಸಿದ ಅಂಚಿನುದ್ದಕ್ಕೂ ಈ ಹೋಳುಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದು ಜಾರುವಂತೆ ಹಿತ್ತಾಳೆಯ ಚೌಕಟ್ಟಿನಲ್ಲಿ ಕೂಡಿಸಿರುತ್ತದೆ. ಎರಡೂ ಹೋಳುಗಳು ಸರಿಯಾಗಿ ಹೊಂದಿಕೊಂಡಿರುವಾಗ ಒಂದು ನಕ್ಷತ್ರ ಒಂದಾಗಿಯೇ ಕಾಣುತ್ತದೆ. ಒಂದು ಹೋಳನ್ನು ಜಾರಿಸಿದೊಡನೆ ಅದು ಎರಡಾಗಿ ಬೇರ್ಪಡುತ್ತದೆ. ವೀಕ್ಷಕನು ತಿರುಪನ್ನು ಮೆಲ್ಲಮೆಲ್ಲನೆ ತಿರುಗಿಸುತ್ತ, ಒಂದು ಹೋಳಿನಲ್ಲಿ ಕಾಣುವ ನಕ್ಷತ್ರವನ್ನು ಇನ್ನೊಂದು ಹೋಳಿನಲ್ಲಿ ಕಾಣುವ ಜೂನೋವಿನ ಮೇಲೆಯೇ ತಂದು ಕೂಡಿಸುತ್ತಾನೆ. ಎರಡು ಬಿಂದುಗಳೂ ಏಕವಾದ ಕ್ಷಣದಲ್ಲಿ ಹೋಳುಗಳು ಎಷ್ಟು ಜಾರಿವೆಯೆಂಬುದನ್ನು ಅಳತೆಪಟ್ಟಿಯ ಮೇಲೆ ಸೂಕ್ಷ್ಮದರ್ಶಕದಿಂದ ಓದಿಕೊಂಡರೆ, ಆಕಾಶದಲ್ಲಿ ಆ ಎರಡರ ನಡುವಣ ಕೋನಾಂತರ ಕೈಸೇರುತ್ತದೆ. ಈ ಕೆಲಸವನ್ನು ಸಂಜೆ ಜೂನೋ ಪೂರ್ವದಲ್ಲಿರುವಾಗ ಒಮ್ಮೆ, ಬೆಳಗಿನ ಜಾವ ಅದು ಪಶ್ಚಿಮಕ್ಕೆ ವಾಲಿದಾಗ ಮತ್ತೊಮ್ಮೆ ಮಾಡಬೇಕು. ಆ ನಡುವೆ ಭೂಮಿಯು ತಿರುಗಿ ವೀಕ್ಷಕನನ್ನು ಸಾವಿರಾರು ಕಿಲೋಮೀಟರುಗಳಾಚೆಗೆ ಒಯ್ದಿರುತ್ತದೆ. ಗೂಟಗಳೆರಡು, ನೆಡುವವನೊಬ್ಬನೇ! ಎರಡು ಖಂಡಗಳಲ್ಲಿ ಇಬ್ಬರನ್ನು ಕೂಡಿಸಿ, ಒಬ್ಬನ ಕಣ್ಣಿಗೂ ಇನ್ನೊಬ್ಬನ ಕಣ್ಣಿಗೂ ಇರುವ ವ್ಯತ್ಯಾಸವನ್ನು ಸರಿಪಡಿಸುವ ಗೋಜೇ ಇಲ್ಲ.

ಶುಕ್ರನಿಗಾಗಲಿ ಮಂಗಳನಿಗಾಗಲಿ ಇಲ್ಲದ ಯೋಗ್ಯತೆ ಈ ಕಲ್ಲಿಗೆ ಬಂದುದು ಎಲ್ಲಿಂದ? ಅದರ ಅಲ್ಪತೆಯಿಂದಲೇ. ದೊಡ್ಡ ಗ್ರಹಕ್ಕೆ ಬಿಂಬವುಂಟು, ಬಿಂಬಕ್ಕೆ ಅಂಚುಂಟು, ಅಂಚಿಗೆ ನಡುಕವುಂಟು. ಮಂಗಳನಾದರೆ ಕೆಂಪಾಗಿರುವುದರಿಂದ ಅದರ ಬೆಳಕು ನಮ್ಮ ವಾಯುಮಂಡಲದಲ್ಲಿ ಬಾಗುವ ರೀತಿಯೂ ನಕ್ಷತ್ರಗಳದಕ್ಕಿಂತ ಬೇರೆ. ಜೂನೋ ಆ ದೂರದರ್ಶಕಗಳಲ್ಲಿ ನಕ್ಷತ್ರಗಳ ಹಾಗೆಯೇ ಬರಿಯ ಒಂದು ಬಿಂದು. ಬಿಂದುವನ್ನು ಬಿಂದುವಿನ ಮೇಲೆ ಕೂಡಿಸುವಾಗ ಕಣ್ಣು ತಪ್ಪುವುದು ಕಡಮೆ. ಕಳೆದುಕೊಂಡ ಆ ಮೊದಲ ರಾತ್ರಿಗಳನ್ನು ಲೆಕ್ಕಿಸದೆ ಸಿಕ್ಕಿದಷ್ಟರಲ್ಲಿಯೇ ಗಿಲ್ಲನು ಪಡೆದ ಲಂಬನ 8.77 ವಿಕಲೆ. ಎಂದರೆ ಸೂರ್ಯನ ದೂರ ಸುಮಾರು 15 ಕೋಟಿ ಕಿಲೋಮೀಟರು. ಇಂದು ನಾವು ಅಂಗೀಕರಿಸಿರುವ 14 ಕೋಟಿ 96 ಲಕ್ಷಕ್ಕೂ ಇದಕ್ಕೂ ಇರುವ ಅಂತರ ಸಾವಿರಕ್ಕೆ ಮೂರರಷ್ಟು. ರಾಷ್ಟ್ರಗಳ ಬೊಕ್ಕಸಗಳನ್ನು ಬರಿದು ಮಾಡಿದ ಶುಕ್ರಸಂಕ್ರಮದ ಯಾತ್ರೆಗಳಿಗೆ ಹೋಲಿಸಿದರೆ ಇದು ಪುಕ್ಕಟೆಯಾಗಿ ಬಂದ ಫಲ.

ಗಿಲ್ಲನು ಅಲ್ಲಿಗೇ ತೃಪ್ತನಾಗಲಿಲ್ಲ. 1877ರಲ್ಲಿ ಅಸೆನ್ಷನ್ ದ್ವೀಪದಲ್ಲಿ ಮಂಗಳನನ್ನು ಅಳೆದನು. ಮೊದಲು ಬೀಡುಬಿಟ್ಟ ಎಡೆಯಲ್ಲಿ ಮೋಡ ಕವಿದಿರಲು, ಅವನ ಪತ್ನಿ ಇಸೊಬೆಲ್ ರಾತ್ರಿಯ ಹೊತ್ತು ಲಾವಾಕಲ್ಲುಗಳ ಮೇಲೆ ನಡೆದುಹೋಗಿ ಮೋಡವಿಲ್ಲದ ಜಾಗವನ್ನು ಹುಡುಕಿಕೊಟ್ಟಳು. ತರುವಾಯ ದಕ್ಷಿಣ ಆಫ್ರಿಕದ ಕೇಪ್ ವೇಧಶಾಲೆಗೆ ಅಧಿಪತಿಯಾಗಿ ಹೋದ ಅವನು ದೊಡ್ಡದೊಂದು ಹೀಲಿಯೋಮೀಟರನ್ನು ತರಿಸಿಕೊಂಡು, 1888 ಮತ್ತು 1889ರಲ್ಲಿ ಮೂರು ಕ್ಷುದ್ರಗ್ರಹಗಳನ್ನು ಆರಿಸಿಕೊಂಡು, ಯೂರೋಪು ಅಮೆರಿಕಗಳ ವೀಕ್ಷಕರ ಸಹಕಾರದಿಂದ ಅಳತೆಯನ್ನು ನಡೆಸಿದನು. ಆ ಮೂರು ಯಾವುವೆಂದರೆ ಐರಿಸ್, ವಿಕ್ಟೋರಿಯಾ ಮತ್ತು ಸ್ಯಾಫೋ.

ಈ ಕೊನೆಯ ಹೆಸರಿನ ಹತ್ತಿರ ನಾವು ತುಸು ನಿಲ್ಲಬೇಕು, ಏಕೆಂದರೆ ಸ್ಯಾಫೋ ಮೊದಲು ಕಣ್ಣಿಗೆ ಬಿದ್ದುದು ಮದರಾಸಿನಲ್ಲಿ. ಅಲ್ಲಿನ ಸರ್ಕಾರಿ ಖಗೋಳಜ್ಞನಾಗಿ 1861ರಲ್ಲಿ ಬಂದಿಳಿದ ನಾರ್ಮನ್ ಪಾಗ್ಸನ್ ಆ ವರ್ಷದ ಏಪ್ರಿಲಿನಲ್ಲಿಯೇ ಒಂದು ಕ್ಷುದ್ರಗ್ರಹವನ್ನು ಕಂಡು, ಏಷ್ಯಾಖಂಡದಲ್ಲಿ ದೊರೆತ ಮೊದಲನೆಯದೆಂಬ ಕಾರಣದಿಂದ ಅದಕ್ಕೆ ಏಷ್ಯಾ ಎಂದೇ ಹೆಸರಿಟ್ಟನು. 1864ರ ಮೇ 2ರಂದು ಸ್ಯಾಫೋ ಸಿಕ್ಕಿತು. ಎರಡೂ ಜೂನೋವಿನ ಜಾತಿಯ ಶಿಲಾಮಯ ಪಿಂಡಗಳೇ. ನಕ್ಷತ್ರಗಳ ಕಾಂತಿಯನ್ನು ನಾವು ಈಗಲೂ ಅಳೆಯುವುದು ಇದೇ ಪಾಗ್ಸನ್ 1856ರಲ್ಲಿ ಹಾಕಿಕೊಟ್ಟ ಕ್ರಮದಿಂದ: ಐದು ಕಾಂತಿಮಾನಗಳ ಅಂತರವೆಂದರೆ ಬೆಳಕಿನಲ್ಲಿ ನೂರುಪಟ್ಟು ಅಂತರ. ಆ ಲೆಕ್ಕದಲ್ಲಿ ಬರಿಗಣ್ಣಿನ ಎಲ್ಲೆ ಆರು, ಜೂನೋ ಅತ್ಯಂತ ಪ್ರಕಾಶಮಾನವಾಗಿರುವಾಗ ಏಳೂವರೆ. ಮೂವತ್ತು ವರ್ಷಗಳ ಕಾಲ ಮದರಾಸಿನ ಸೆಕೆಯಲ್ಲಿ ದುಡಿದು 1891ರಲ್ಲಿ ಅಲ್ಲಿಯೇ ತೀರಿಕೊಂಡ ಈತನ ಪಾಲಿಗೆ ನೆರವಾದವರು ರಘುನಾಥಾಚಾರ್ಯರಂತಹ ಸಹಾಯಕರು, ಆಮೇಲೆ ಮಗಳು ಐಸಿಸ್. ಅವಳ ಹೆಸರಿನ ಕ್ಷುದ್ರಗ್ರಹವೂ ಉಂಟು. ತಂದೆ ಆಕ್ಸ್‌ಫರ್ಡಿನಲ್ಲಿದ್ದಾಗ ಕಂಡದ್ದು.

ಕೇಪಿನ ಅಳತೆಗಳಿಂದ ದೊರೆತ ಲಂಬನವನ್ನು 8.80 ವಿಕಲೆಯೆಂದು 1896ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ವಿದ್ವತ್ಸಭೆ ಅಂಗೀಕರಿಸಿತು. ಅಲ್ಲಿಂದ ಮುಂದೆ ಸುಮಾರು ಎಪ್ಪತ್ತು ವರ್ಷಗಳ ಕಾಲ ಲೋಕದ ನೌಕಾಪಂಚಾಂಗಗಳೆಲ್ಲ ಆ ಸಂಖ್ಯೆಯನ್ನೇ ಹಿಡಿದು ನಡೆದವು. ಶುಕ್ರನನ್ನು ಕುರಿತು ರಘುನಾಥಾಚಾರ್ಯರು ಕನ್ನಡಿಗರಿಗೆ ವಿವರಿಸಿದ ಪ್ರಶ್ನೆಗೆ ಉತ್ತರ ಶುಕ್ರನಿಂದ ಬರಲಿಲ್ಲ. ಅವರದೇ ವೇಧಶಾಲೆಯ ಅಂಗಳದಿಂದ ಕಂಡಿದ್ದ ಒಂದು ಕಲ್ಲಿನ ಸಹಾಯದಿಂದ ಬಂದಿತು. ಈ ಸಂಬಂಧವನ್ನು ಯಾರೂ ಯೋಜಿಸಿರಲಿಲ್ಲ. ಆಚಾರ್ಯರು 1880ರಲ್ಲಿಯೇ ಕಾಲವಾಗಿದ್ದರು.

ಅಳತೆಗಲ್ಲಾಗಿ ಜೂನೋವಿನ ಉಪಯೋಗ ಅಲ್ಲಿಗೆ ಮುಗಿಯಿತೆನ್ನಬಹುದು. ಭೂಮಿಗೆ ಇನ್ನೂ ಸಮೀಪಕ್ಕೆ ಬರುವ ಇರೋಸ್ ಎಂಬ ಕ್ಷುದ್ರಗ್ರಹ 1898ರಲ್ಲಿ ಸಿಕ್ಕಿತು. 1961ರ ವೇಳೆಗೆ ರೇಡಾರಿನ ಅಲೆಗಳು ಶುಕ್ರನನ್ನು ಮುಟ್ಟಿ ಹಿಂದಿರುಗಿದವು. ಅಲ್ಲಿಯವರೆಗೆ ಬಿಂದುವಾಗಿದ್ದುದರಿಂದಲೇ ಬೆಲೆಯಿದ್ದ ಈ ವಸ್ತುವಿನಲ್ಲಿ ವಿದ್ವಾಂಸರಿಗೆ ಬೇರೊಂದು ಬಗೆಯ ಆಸಕ್ತಿ ಹುಟ್ಟಿತು: ಇದು ಎಂಥ ಕಲ್ಲು?

ಜೂನೋವಿನ ಬೆಳಕನ್ನು ಅಶ್ರಕದಿಂದ ಬಿಡಿಸಿ ನೋಡಿದರೆ ಅಲ್ಲಿ ಒಲಿವೀನ್, ಪೈರಾಕ್ಸೀನ್ ಎಂಬ ಖನಿಜಗಳ ಗುರುತುಗಳು ಕಾಣುತ್ತವೆ. ಇವೇ ಖನಿಜಗಳು, ಕಬ್ಬಿಣದ ಕಣಗಳೊಡನೆ ಬೆರೆತು, ನಮ್ಮ ನೆಲಕ್ಕೆ ಬೀಳುವ ಉಲ್ಕಾಶಿಲೆಗಳಲ್ಲಿ ಬಹುಪಾಲಿನಲ್ಲಿ ಇರತಕ್ಕವು. ಅಂಥವುಗಳಿಗೆ ಸಾಮಾನ್ಯ ಕಾಂಡ್ರೈಟುಗಳೆಂದು ಹೆಸರು. ಕಬ್ಬಿಣದ ಅಂಶ ಹೆಚ್ಚು, ಕಡಮೆ, ಇನ್ನೂ ಕಡಮೆ ಎಂಬುದನ್ನು ನೋಡಿ ಅವನ್ನು ಮೂರು ಗುಂಪುಗಳಾಗಿ ವಿಂಗಡಿಸಿರುತ್ತಾರೆ. 1865ರಲ್ಲಿ ಮೈಸೂರು ಸೀಮೆಯ ಮದ್ದೂರಿನಲ್ಲಿ ಬಿದ್ದ ಕಲ್ಲು ಎರಡನೆಯ ಗುಂಪಿನದು. ಮರುವರ್ಷ ಉಡುಪಿಯಲ್ಲಿ ಬಿದ್ದದ್ದು ಮೊದಲನೆಯ ಗುಂಪಿನದು. ಹೀಗೆ ಆಕಾಶದ ಕಲ್ಲಿಗೂ ಮದ್ದೂರಿನ ಹೊಲದ ಕಲ್ಲಿಗೂ ಒಂದೇ ಕುಲವೆಂದು ಹೇಳಲು ಒಂದೇ ಒಂದು ಅಡ್ಡಿಯಿತ್ತು. ಕ್ಷುದ್ರಗ್ರಹಗಳ ಬಣ್ಣ ಉಲ್ಕಾಶಿಲೆಗಳಿಗಿಂತ ಹೆಚ್ಚು ಕೆಂಪು, ಖನಿಜದ ಗುರುತುಗಳೂ ಮಸುಕು. ದಶಕಗಟ್ಟಲೆ ಈ ವಿಷಯದಲ್ಲಿ ವಾದವಿವಾದ ನಡೆಯಿತು. ಜಪಾನಿನವರ ಹಯಬುಸಾ ನೌಕೆ ಇಟೋಕಾವಾ ಎಂಬ ಪುಟ್ಟ ಶಿಲಾಮಯ ಕ್ಷುದ್ರಗ್ರಹದ ಮೈಯನ್ನು ಸೋಕಿ, ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಿನ ಕಣಗಳನ್ನು ಹೊತ್ತು 2010ರ ಜೂನಿನಲ್ಲಿ ಹಿಂದಿರುಗಿದಾಗ ವ್ಯಾಜ್ಯ ಬಗೆಹರಿಯಿತು. ಕಣಗಳು ಕಾಂಡ್ರೈಟಿನ ಮೂರನೆಯ ಗುಂಪಿಗೆ ಸೇರಿದವಾಗಿದ್ದವು. ಅವುಗಳ ಹೊರಮೈ ಮೇಲೆ ಮಾತ್ರ, ಸೂರ್ಯನಿಂದ ಬೀಸುವ ಕಣಗಳ ಹೊಡೆತದಿಂದ ಹುಟ್ಟಿದ ಅತಿಸೂಕ್ಷ್ಮವಾದ ಕಬ್ಬಿಣದ ಲೇಪವಿತ್ತು. ಮೇಲಿನ ಸಿಪ್ಪೆಯೊಂದೇ ಕೆಂಪು.

ಜೂನೋವಿನ ಬಳಿಗೆ ಮಾತ್ರ ಈವರೆಗೆ ಯಾವ ನೌಕೆಯೂ ಹೋಗಿಲ್ಲ. ಅದೇ ಹೆಸರಿನ ಅಮೆರಿಕದ ನೌಕೆಯೊಂದು 2016ರಲ್ಲಿ ಗುರುಗ್ರಹವನ್ನು ಸೇರಿತೆಂಬುದು ನಿಜ. ಅದಕ್ಕೂ ನಮ್ಮ ಕಲ್ಲಿಗೂ ಹೆಸರೊಂದನ್ನುಳಿದು ಸಂಬಂಧವಿಲ್ಲ. ದೂರದಿಂದಲೇ ಇದರ ಆಕಾರವನ್ನು ತಿಳಿಯಬೇಕಾಗಿದೆ. 1958ರ ಫೆಬ್ರವರಿ 19ರಂದು ಜೂನೋ ಒಂದು ನಕ್ಷತ್ರವನ್ನು ಮರೆಮಾಡಿತು. ಕ್ಷುದ್ರಗ್ರಹವೊಂದು ನಕ್ಷತ್ರವನ್ನು ಮುಚ್ಚುವುದನ್ನು ಮನುಷ್ಯರು ನೋಡಿದುದು ಅದೇ ಮೊದಲು. 1979ರ ಡಿಸೆಂಬರಿನಲ್ಲಿ ಇನ್ನೊಂದು ನಕ್ಷತ್ರ ಮರೆಯಾದಾಗ ಅಮೆರಿಕದ ಹಲವು ಠಾಣೆಗಳಿಂದ ಕಾಲವನ್ನು ಗುರುತಿಸಿ, ನೆರಳಿನ ಅಗಲದಿಂದ ಅದರ ಗಾತ್ರವನ್ನು ಕಂಡುಕೊಂಡರು. 1996ರಲ್ಲಿ ಮೌಂಟ್ ವಿಲ್ಸನ್ನಿನ ನೂರು ಅಂಗುಲದ ದೂರದರ್ಶಕಕ್ಕೆ ವಾಯುಮಂಡಲದ ನಡುಕವನ್ನು ನಿವಾರಿಸುವ ಸಾಧನವನ್ನು ಜೋಡಿಸಿ ತೆಗೆದ ಚಿತ್ರಗಳಲ್ಲಿ, ದುಂಡಾದ ಬಿಂಬದ ಒಂದು ಪಕ್ಕ ಕಚ್ಚಿ ತೆಗೆದಂತೆ ಕಪ್ಪಾಗಿ ಕಂಡಿತು. ಸುಮಾರು ನೂರು ಕಿಲೋಮೀಟರು ಅಗಲದ ಕುಳಿಯಿರಬೇಕೆಂದು ಅದನ್ನು ವ್ಯಾಖ್ಯಾನ ಮಾಡಿದರು. 2014ರ ಅಕ್ಟೋಬರಿನಲ್ಲಿ ಚಿಲಿಯ ಎತ್ತರದ ಮರುಭೂಮಿಯಲ್ಲಿರುವ ಆಲ್ಮಾ ರೇಡಿಯೋ ದೂರದರ್ಶಕಗಳು, ಜೂನೋ ಸುಮಾರು 29 ಕೋಟಿ 50 ಲಕ್ಷ ಕಿಲೋಮೀಟರು ದೂರದಲ್ಲಿದ್ದಾಗ, ನಾಲ್ಕು ಗಂಟೆಗಳಲ್ಲಿ ಹತ್ತು ಚಿತ್ರಗಳನ್ನು ತೆಗೆದವು. ಅವನ್ನು ಸಾಲಾಗಿ ಇಟ್ಟು ನೋಡಿದರೆ ಕೋನಕೋನವಾದ ಒಂದು ಬಂಡೆ ತನ್ನ ಅರ್ಧಸುತ್ತನ್ನು ತಿರುಗುವುದು ಸ್ಪಷ್ಟವಾಗಿ ತಿಳಿಯುತ್ತದೆ. ಹಾರ್ಡಿಂಗ್ ಪಟದ ಮೇಲೆ ಮಸಿಯಿಂದ ಇಟ್ಟ ಚುಕ್ಕೆಗೆ ಮೂಲೆಗಳು ಕಾಣುವುದಕ್ಕೆ ಇನ್ನೂರ ಹತ್ತು ವರ್ಷಗಳು ಬೇಕಾದವು. ಆ ದೊಡ್ಡ ಕುಳಿ ನಿಜವಾದುದಾದರೆ ಅಲ್ಲಿಂದ ಸಿಡಿದ ಕಲ್ಲುಗಳು ಎಲ್ಲಿ ಹೋದುವೆಂಬ ಪ್ರಶ್ನೆ ಸಹಜ. ಜೂನೋವಿನ ಕಕ್ಷೆಯನ್ನೇ ಹೋಲುವ ಕಕ್ಷೆಗಳಲ್ಲಿ ಚಿಕ್ಕಚಿಕ್ಕ ಬಂಡೆಗಳ ಒಂದು ಪರಿವಾರ ಸುತ್ತುತ್ತಿರುವುದನ್ನು ಈಗಾಗಲೇ ಗುರುತಿಸಿದ್ದಾರೆ.